ಎಕ್ಸ್‌ರೇ ಒಂದೇ ಸಲಕ್ಕೆ ಮುಗಿಸಿಕೊಳ್ಳುವುದು ಹೇಗೆ?

ಜಗಳೂರಿನಲ್ಲೋ ಹೊನ್ನಾಳಿಯಲ್ಲೋ ತೆಗೆಸಿದ ಫಿಲ್ಮನ್ನು ಮನೆಯ ಗೂಟಕ್ಕೆ ನೇತುಹಾಕಿ, ಚೀಟಿ ಒಂದನ್ನೇ ಹಿಡಿದು ದಾವಣಗೆರೆಗೆ ಬರುವವರು ಬಹಳ. ಇಲ್ಲಿ ಮತ್ತೆ ಎಕ್ಸ್‌ರೇ. ನಮ್ಮ ಕೈಲಿ ತಪ್ಪಿಸಲು ಆಗುವುದು ಈ ಎರಡನೇ ಸಲದ ವಿಕಿರಣವನ್ನೇ.

ಮೊದಲು, ಹಳೆಯ ಫಿಲ್ಮು ತನ್ನಿ. ಮಡಚಬೇಡಿ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲೂ ಇಡಬೇಡಿ, ಕೆಲವು ಫಿಲ್ಮು ಕಾವಿಗೆ ಕಪ್ಪಾಗುತ್ತವೆ.

ಮುಟ್ಟು ತಡವಾಗಿದ್ದರೆ ಒಳಗೆ ಹೋಗುವ ಮುಂಚೆಯೇ ಹೇಳಿ. ಅತ್ತೆ ಪಕ್ಕದಲ್ಲಿದ್ದಾರೆಂದು ಸುಮ್ಮನಿರಬೇಡಿ.

ಎದೆಯ ಎಕ್ಸ್‌ರೇ ಆದರೆ ತಾಳಿ, ಸರ, ತಾಯತ, ಹುಕ್ಕಿನ ರವಿಕೆ ತೆಗೆಯಬೇಕು. ಜಡೆ ಎತ್ತಿ ಕಟ್ಟಿ. ದಪ್ಪ ಜಡೆ ಶ್ವಾಸಕೋಶದ ಮೇಲೆ ನೆರಳಾಗಿ ಬೀಳುತ್ತದೆ.

ಕೆಡುವುದು ಮುಂದಿನದರಲ್ಲಿ. ಎದೆಯನ್ನು ಪ್ಲೇಟಿಗೆ ಒತ್ತಿ, ಗದ್ದ ಮೇಲಿಟ್ಟು, ಕೈ ಸೊಂಟದ ಮೇಲಿಟ್ಟು ಭುಜಗಳನ್ನು ಮುಂದಕ್ಕೆ ತಳ್ಳಿ. ಹಾಗೆ ಮಾಡಿದರೆ ಹೆಗಲ ಮೂಳೆ ಶ್ವಾಸಕೋಶದಿಂದ ಆಚೆ ಸರಿಯುತ್ತದೆ. 'ಉಸುರು ಎಳ್ಕಳ್ರಿ, ಹಿಡ್ಕಳ್ರಿ' ಅಂದಾಗ ನಮ್ಮವರು ಭುಜ ಎತ್ತಿ ಚೂರು ಎಳೆದು, 'ಹ್ಞೂಂ' ಅಂತ ಉತ್ತರ ಕೊಟ್ಟುಬಿಡುತ್ತಾರೆ. ಎಳೆದದ್ದೆಲ್ಲ ಅಲ್ಲೇ ಹೋಯಿತು! ಉಸಿರು ತುಂಬದಿದ್ದರೆ ಶ್ವಾಸಕೋಶದ ಬುಡ ಮುದುಡಿ ಬೆಳ್ಳಗೆ ಕಾಣುತ್ತದೆ. ನ್ಯುಮೋನಿಯಾ ಇರಬಹುದೇ ಎಂಬ ಅನುಮಾನ, ಮತ್ತೊಂದು ಎಕ್ಸ್‌ರೇ. ಹೊರಗೆ ಬೆಂಚಿನ ಮೇಲೆ ಕೂತಿರುವಾಗಲೇ ಅಭ್ಯಾಸ ಮಾಡಿ: ಹೊಟ್ಟೆ ಉಬ್ಬುವಷ್ಟು ಎಳೆದು, ಬಾಯಿ ಮುಚ್ಚಿ, ಅಲುಗದೆ ನಿಲ್ಲುವುದು. ಕೆಮ್ಮಿದ್ದರೆ ಟೆಕ್ನಿಷಿಯನ್‌ಗೆ ಹೇಳಿ, ಕೆಮ್ಮಿ ಮುಗಿಸಿಯೇ ನಿಲ್ಲಿ.

ಜೊತೆಗೆ ಬಂದವರು ಹೊರಗಿರಲಿ. ಮಗುವನ್ನು ಹಿಡಿಯಲೇಬೇಕಾದರೆ ಒಬ್ಬರು ಸಾಕು, ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಲಿ. ಬಸುರಿ ಹಿಡಿಯಕೂಡದು. ವಿಕಿರಣ ತಡೆಯುತ್ತದೆಂದು ಮಾರುವ ಮೊಬೈಲ್ ಸ್ಟಿಕ್ಕರ್ ಇಲ್ಲಿ ಮೂರು ಕಾಸಿಗೂ ಬಾರದು.

ಹಾಗೆಂದು ಹೆದರಿ, ಮುರಿದ ಕೈಗೆ ಎಕ್ಸ್‌ರೇ ಬೇಡ ಅನ್ನುವುದೂ ದಡ್ಡತನ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣ ಅಳೆಯುವ ಮಾನ) ವಿಕಿರಣ ತಾನಾಗಿಯೇ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇಯದು 0.1 ದಾಟುವುದು ಅಪರೂಪ. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾತ್ರ ಸುಮಾರು 8. ಸಿ.ಟಿ. ಬರೆದಾಗ, 'ಅಲ್ಟ್ರಾಸೌಂಡ್‌ನಲ್ಲಿ ಆಗಲ್ವಾ ಸಾರ್?' ಎಂದು ಕೇಳಿ. ಅದರಲ್ಲಿ ಈ ವಿಕಿರಣವೇ ಇಲ್ಲ. ಆಗಲ್ಲ ಅಂದರೆ ಮಾಡಿಸಿ, ಬರುವಾಗ ಸಿ.ಡಿ. ಇಸಿದುಕೊಳ್ಳಿ. ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ವಾಟ್ಸ್ಆ್ಯಪ್ ಫೋಟೊ ನೋಡಿ ಯಾವ ಡಾಕ್ಟರೂ ನಿರ್ಧಾರ ಮಾಡಲಾರರು.