ಗಾಡಿ ಕೈಕೊಟ್ಟಿದೆ, ಕಾಡುದಾರಿ ಟ್ರಿಪ್ ಹತ್ತಿರ ಬಂದಿದೆ: ಹೋಗುವುದಾ, ಬಿಡುವುದಾ?

ದೀಪಾವಳಿ ಕಳೆದು ಮಳೆ ಹಿಂದೆ ಸರಿಯಿತು ಅಂದರೆ ಶಿವಮೊಗ್ಗದ ಜೀಪ್ ಗುಂಪುಗಳಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಹೊಸನಗರ, ನಗರ (ಹಳೆಯ ಬಿದನೂರು), ನಿಟ್ಟೂರು ಕಡೆಯ ಮಣ್ಣುದಾರಿಗಳು ಆಗಷ್ಟೇ ಗಟ್ಟಿಯಾಗಿರುತ್ತವೆ. ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಉಂಬಳದ (ಜಿಗಣೆಯ) ಕಾಟ ಕಡಿಮೆಯಾಗಿರುತ್ತದೆ. ಹೋಂಸ್ಟೇಗೆ ಅಡ್ವಾನ್ಸೂ ಹೋಗಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಗಾಡಿ ಗ್ಯಾರೇಜ್ ಸೇರುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಏನು ಮಾಡುತ್ತಾರೆ? ರಿಪೇರಿ ಎಷ್ಟು, ಟ್ರಿಪ್ ಎಷ್ಟು ಎಂದು ಕೂಡಿಸುತ್ತಾರೆ. ಅಷ್ಟು ದುಡ್ಡು ಇದ್ದರೆ ಹೊರಡುತ್ತಾರೆ. ಇಪ್ಪತ್ತು ವರ್ಷದಿಂದ ಈ ದಾರಿಗಳಲ್ಲಿ ಓಡಾಡುತ್ತಿದ್ದೇನೆ, ಈ ಲೆಕ್ಕ ನಂಬಿ ಕಷ್ಟಕ್ಕೆ ಸಿಕ್ಕಿದವರನ್ನು ಪ್ರತಿ ವರ್ಷ ನೋಡುತ್ತೇನೆ. ಇದರಲ್ಲಿ ಮೂರನೆಯದೊಂದು ಮೊತ್ತ ಬಿಟ್ಟುಹೋಗಿರುತ್ತದೆ. ಇದೇ ಬಿಲ್ ಟ್ರಿಪ್‌ನಲ್ಲಿ ಇನ್ನೊಂದು ಸಲ ಬಂದರೆ ಕೊಡೋಕೆ ಆಗುತ್ತಾ?

ನನಗೇ ಒಮ್ಮೆ ಹೀಗಾಯಿತು. ರಿಪ್ಪನ್‌ಪೇಟೆ ದಾಟಿದ ಮೇಲೆ ಏರಿನಲ್ಲಿ ಕ್ಲಚ್ ಜಾರತೊಡಗಿತು, ಅಂದರೆ ಎಂಜಿನ್‌ನ ಬಲ ಚಕ್ರಕ್ಕೆ ಪೂರ್ತಿ ಮುಟ್ಟುತ್ತಿರಲಿಲ್ಲ. ಊರಿಗೆ ತಂದು ಕ್ಲಚ್ ಪ್ಲೇಟ್ ಬದಲಿಸಿದೆ. 18,400 ರೂಪಾಯಿ ಆಯಿತು. ಹತ್ತೇ ದಿನಕ್ಕೆ ಟ್ರಿಪ್. ನಗರ ದಾಟಿ ಒಂದು ಕಡಿದಾದ ಏರಿನಲ್ಲಿ ಅದೇ ಸುಟ್ಟ ವಾಸನೆ. ಗಾಡಿಯಲ್ಲಿ ನಾಲ್ಕು ಜನ, ಪೂರ್ತಿ ಲಗೇಜು. ಹಗ್ಗ ಕಟ್ಟಿ ಹೊಸನಗರಕ್ಕೆ ಎಳೆಸಿ, ಅಲ್ಲಿಂದ ಲಾರಿ ಮೇಲೆ ಶಿವಮೊಗ್ಗಕ್ಕೆ ತಂದೆ. ಬಿಚ್ಚಿ ನೋಡಿದರೆ ಎಂಜಿನ್ ಹಿಂಬದಿಯ ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಿಂಗ್) ಸೋರಿ, ಹೊಸ ಪ್ಲೇಟ್ ಪೂರ್ತಿ ಎಣ್ಣೆ ಕುಡಿದಿತ್ತು. ಮೊದಲ ಸಲವೂ ಕಾರಣ ಅದೇ. ಆ ಸೀಲ್‌ನ ಬೆಲೆ ಸಾವಿರ ರೂಪಾಯಿಯೂ ಇಲ್ಲ.

ಮೊದಲ ಹೆಜ್ಜೆ: ಬಿಲ್ ಕೇಳುವ ಮೊದಲು ಕಾರಣ ಕೇಳಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗ್ಯಾರೇಜ್‌ನಿಂದ ಫೋನ್ ಬರುತ್ತದೆ. "ಸಾರ್, ಪ್ಲೇಟ್ ಹೋಗಿದೆ. ಬೇರೆ ಹಾಕಿದ್ರೆ ಆಯ್ತು." ನಾವು "ಎಷ್ಟಾಗುತ್ತೆ?" ಅನ್ನುತ್ತೇವೆ. ಅಲ್ಲಿ ಕೇಳಬೇಕಾದ್ದು "ಯಾಕೆ ಹೋಯ್ತು?" ಅಂತ. ಹೋದದ್ದು ಏನು ಅನ್ನುವುದು ರಿಪೇರಿಗೆ ಸಾಕು. ಟ್ರಿಪ್‌ಗೆ ಹೋಗಬಹುದಾ ಅಂತ ಹೇಳುವುದು ಯಾಕೆ ಹೋಯಿತು ಅನ್ನುವ ಉತ್ತರ ಮಾತ್ರ.

ಹಳೆಯ ಸಾಮಾನು ಬಿಸಾಡಬೇಡಿ, ನಾನು ಬಂದು ನೋಡುತ್ತೇನೆ ಎಂದು ಹೇಳಿಬಿಡಿ. ಹೋಗಿ ಕೈಯಲ್ಲಿ ಹಿಡಿದು ನೋಡಿ. ಕ್ಲಚ್ ಪ್ಲೇಟನ್ನೇ ತೆಗೆದುಕೊಳ್ಳಿ. ಅದರ ಎರಡೂ ಮುಖಕ್ಕೆ ಲೈನಿಂಗ್ ಇರುತ್ತದೆ, ಅದನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ರಿವೆಟ್ ತಲೆಗೂ ಲೈನಿಂಗ್‌ಗೂ ಸಮವಾಗಿದ್ದರೆ ಪ್ಲೇಟ್ ಸವೆದು ಮುಗಿದಿದೆ ಎಂದರ್ಥ. ಇದು ಒಳ್ಳೆಯ ಸುದ್ದಿ. ಆಯಸ್ಸು ಮುಗಿದು ಹೋಗಿದೆ, ಹೊಸದು ಹಾಕಿದರೆ ವರ್ಷಗಟ್ಟಲೆ ಬರುತ್ತದೆ.

ಲೈನಿಂಗ್ ಇನ್ನೂ ದಪ್ಪ ಇದೆ, ಆದರೆ ಕಪ್ಪಾಗಿ ಹೊಳೆಯುತ್ತಿದೆ, ಬೆರಳಿಗೆ ಜಿಡ್ಡು ಹತ್ತುತ್ತದೆ ಅಂದರೆ ಎಣ್ಣೆ ಸೋರಿದೆ. ಬೆರಳು ಮೂಸಿ ನೋಡಿ. ಗಂಧಕದಂಥ ಘಾಟು ಇದ್ದರೆ ಅದು ಗೇರ್ ಆಯಿಲ್, ಗೇರ್ ಬಾಕ್ಸ್ ಕಡೆಯ ಸೀಲ್ ಹೋಗಿದೆ. ಇಲ್ಲದಿದ್ದರೆ ಎಂಜಿನ್ ಕಡೆಯದು. ಯಾವುದೇ ಆಗಲಿ, ಸೀಲ್ ಬದಲಿಸದೆ ಪ್ಲೇಟ್ ಮಾತ್ರ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಇನ್ನೊಂದು ಇದೆ. ಪ್ಲೇಟ್ ಸುಟ್ಟು ಕರಕಲಾಗಿದೆ, ಪ್ಲೇಟ್ ಒತ್ತಿ ಕೂರುವ ಎಂಜಿನ್ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ ಬಿದ್ದಿದೆ. ಹೆಚ್ಚಿನ ಸಲ ಇದು ಓಡಿಸುವವರ ಕಾಲಿನಿಂದ ಬಂದದ್ದು. ಏರಿನಲ್ಲಿ ಲೋ ಗೇರ್ (ಫೋರ್ ವೀಲ್ ಗಾಡಿಯಲ್ಲಿ ವೇಗ ಕಡಿಮೆ, ಬಲ ಜಾಸ್ತಿ ಕೊಡುವ ಬೇರೆ ಗೇರ್) ಹಾಕದೆ, ಕ್ಲಚ್ ಅರ್ಧ ಒತ್ತಿಕೊಂಡು ಹಾಫ್ ಕ್ಲಚ್‌ನಲ್ಲೇ ಹತ್ತಿಸಿದರೆ ಹೀಗಾಗುತ್ತದೆ. ಗಾಡಿಯಲ್ಲಿ ದೋಷವಿಲ್ಲ, ಆದರೆ ಅದೇ ಕಾಲು ಟ್ರಿಪ್‌ಗೂ ಬರುತ್ತದೆ. ಹೊರಡುವ ಮೊದಲು ಹತ್ತಿರದ ಯಾವುದಾದರೂ ಮಣ್ಣಿನ ಏರಿನಲ್ಲಿ ಲೋ ಗೇರ್ ಅಭ್ಯಾಸ ಮಾಡಲೇಬೇಕು.

ಗಾಡಿ ಬಿಸಿಯಾಗಿ ನಿಂತಿತ್ತು ಅಂದರೆ ರೇಡಿಯೇಟರ್, ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್, ವಾಟರ್ ಪಂಪ್ ಎಲ್ಲವನ್ನೂ ನೋಡಿಸಿ. ಆಯಿಲ್ ಹಾಕುವ ಮುಚ್ಚಳವನ್ನು ನೀವೇ ತೆಗೆದು ನೋಡಿ. ಒಳಗೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ನೊರೆ ದಪ್ಪಗೆ ಮೆತ್ತಿದ್ದರೆ ಎಂಜಿನ್ ಆಯಿಲ್‌ಗೆ ನೀರು ಸೇರುತ್ತಿರಬಹುದು, ಎಂಜಿನ್‌ನ ಮೇಲ್ಭಾಗ ಕೂರುವ ಸಂದಿಯ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಅದು ಬಗೆಹರಿಯುವ ತನಕ ಟ್ರಿಪ್ ಮಾತೇ ಬೇಡ.

ರೇಡಿಯೇಟರ್ ಸೋರಿಕೆಗೆ ಕೆಲವರು ಅರಿಶಿನ ಪುಡಿ ಹಾಕುತ್ತಾರೆ. ದಾರಿ ಮಧ್ಯೆ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲು ಅದು ಸರಿ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳೂ ಅಷ್ಟೇ. ಅವು ತೂತಿನ ಜೊತೆಗೆ ರೇಡಿಯೇಟರ್‌ನ ಸಣ್ಣ ನಳಿಗೆಗಳನ್ನೂ ಕಟ್ಟಿಹಾಕುತ್ತವೆ. ಅದನ್ನು ಹಾಕಿಕೊಂಡು ಘಟ್ಟ ಹತ್ತಲು ಹೋಗಬೇಡಿ.

ಗೇರ್ ಬಾಕ್ಸ್ ಒಮ್ಮೆ ಇಳಿಸಿದ ಮೇಲೆ ಕ್ಲಚ್‌ನ ಉಳಿದ ಭಾಗಗಳಾದ ರಿಲೀಸ್ ಬೇರಿಂಗ್, ಪ್ರೆಶರ್ ಪ್ಲೇಟ್, ಜೊತೆಗೆ ಎರಡೂ ಕಡೆಯ ಸೀಲ್ ಒಟ್ಟಿಗೇ ಹಾಕಿಸಿ. ಇಳಿಸಿ ಏರಿಸುವ ಕೂಲಿ ಹೇಗೂ ಒಂದೇ. ಬರೀ ಪ್ಲೇಟ್ ಹಾಕಿಸಿ ಮೂರು ಸಾವಿರ ಉಳಿಸಿದವರು ಆಮೇಲೆ ಆ ಕೂಲಿಯನ್ನು ಎರಡು ಸಲ ಕೊಟ್ಟಿದ್ದಾರೆ. ಕಂಪನಿ ಡಬ್ಬದಲ್ಲಿ ಬರುವ ಡೂಪ್ಲಿಕೇಟ್ ಪ್ಲೇಟ್‌ಗಳೂ ಓಡಾಡುತ್ತವೆ. ಜಿಎಸ್‌ಟಿ ಬಿಲ್ ಕೊಡದ ಅಂಗಡಿಯಲ್ಲಿ ಇಂಥ ಸಾಮಾನು ಕೊಳ್ಳಲೇಬೇಡಿ.

ಎಷ್ಟು ಕೇಳಿದರೂ "ಯಾಕೆ" ಅನ್ನುವುದಕ್ಕೆ ಉತ್ತರ ಸಿಗಲಿಲ್ಲವಾ? ಹಾಗಾದರೆ ಈ ಸಲ ಆ ಗಾಡಿಯಲ್ಲಿ ಹೋಗಬೇಡಿ. ದುಡ್ಡು ಎಷ್ಟೇ ಇರಲಿ.

ಎರಡನೆಯದು: ಟ್ರಿಪ್‌ನ ನಿಜವಾದ ಖರ್ಚು

ಇದು ಸುಲಭ. ಒಂದು ಹಾಳೆಯಲ್ಲಿ ಬರೆಯಿರಿ. ಡೀಸೆಲ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಟಾರ್ ರಸ್ತೆಯಲ್ಲಿ 12 ಕಿಲೋಮೀಟರ್ ಕೊಡುವ ಜೀಪು ಲೋ ಗೇರ್‌ನಲ್ಲಿ 5 ಕೊಟ್ಟರೆ ಹೆಚ್ಚು. ಹೋಗಿ ಬರುವ ಟಾರ್ ದಾರಿ 260 ಕಿಲೋಮೀಟರ್, ಕಾಡುದಾರಿ 40 ಅಂದುಕೊಂಡರೆ ಹತ್ತಿರ ಹತ್ತಿರ 30 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 2,700. ಎರಡು ರಾತ್ರಿ ಉಳಿಯಲು 3,000, ಊಟ ತಿಂಡಿಗೆ 1,500.

ಎಲ್ಲರೂ ಮರೆಯುವುದು ವಾಪಸ್ ಬಂದ ಮೇಲಿನ ಖರ್ಚು. ಅಡಿ ತೊಳೆಸಬೇಕು, ಗ್ರೀಸ್ ಹೊಡೆಸಬೇಕು, ಬ್ರೇಕ್ ಬಿಚ್ಚಿ ಕೆಸರು ತೆಗೆಸಬೇಕು. ಹಳ್ಳ ದಾಟಿದ್ದರೆ ಆಕ್ಸಲ್ ನಡುವಿನ ಗೇರ್ ಉಂಡೆ, ಅಂದರೆ ಡಿಫರೆನ್ಷಿಯಲ್‌ನ ಆಯಿಲ್ ನೋಡಿಸಬೇಕು, ನೀರು ಸೇರಿದ್ದರೆ ಬದಲಿಸಬೇಕು. ಇದಕ್ಕೆ ಕಡಿಮೆ ಅಂದರೂ 2,500 ಎತ್ತಿಡಿ. ಎಲ್ಲ ಸೇರಿ ಸುಮಾರು 10,000 ಆಯಿತು.

ಮೂರನೆಯದು: ಎತ್ತಿಟ್ಟ ದುಡ್ಡು

ಈಗ ಬಿಟ್ಟುಹೋಗಿದ್ದ ಆ ಮೂರನೇ ಮೊತ್ತಕ್ಕೆ ಬನ್ನಿ. ಈಗ ಕೊಟ್ಟ ರಿಪೇರಿ ಬಿಲ್‌ನಷ್ಟೇ ಇನ್ನೊಂದು ಸಲ, ಅದರ ಜೊತೆ ಗಾಡಿ ಎಳೆಸುವ ಖರ್ಚು. ನನ್ನ ಲೆಕ್ಕದಲ್ಲಿ ಅದು 18,400ಕ್ಕೆ 7,000 ಸೇರಿ 25,400. ರಿಪೇರಿ ಬಿಲ್ ಕೊಟ್ಟು, ಟ್ರಿಪ್ ಖರ್ಚು ಕಳೆದು, ಮಕ್ಕಳ ಫೀಸು, ಮನೆ ಸಾಲದ ಕಂತು, ಮಾತ್ರೆ ಔಷಧಿ ಮುಟ್ಟದೆ ಇಷ್ಟು ದುಡ್ಡು ಬ್ಯಾಂಕಿನಲ್ಲಿ ಉಳಿಯುತ್ತದೆ ಅಂದರೆ ಹೋಗಿ. ಉಳಿಯುವುದಿಲ್ಲ ಅಂದರೆ ಹೋಗಬೇಡಿ. ನಾನು ಇದರಲ್ಲಿ ಚೌಕಾಸಿ ಮಾಡುವುದಿಲ್ಲ.

ಬರಬೇಕಾದ ದುಡ್ಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಅಡಿಕೆ ಮಂಡಿಗೆ ಹೋದ ಮೇಲೆ ನೋಡಿಕೊಳ್ಳೋಣ ಅನ್ನುವವರು ಜಾಸ್ತಿ. ನವೆಂಬರ್‌ನಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಕೂಲಿ, ಸುಲಿಯುವವರ ಕೂಲಿ ಕೈಯಿಂದ ಹೋಗುವ ಹೊತ್ತು. ದರ ಎಷ್ಟು ಸಿಗುತ್ತದೋ ಯಾರಿಗೆ ಗೊತ್ತು, ಅಲ್ವಾ?

ಕ್ರೆಡಿಟ್ ಕಾರ್ಡ್ ಉಜ್ಜುವುದಂತೂ ಬೇಡವೇ ಬೇಡ. ಬಾಕಿ ಉಳಿಸಿದರೆ ತಿಂಗಳಿಗೆ ನೂರಕ್ಕೆ 3ರಿಂದ 3.5ರ ತನಕ ಬಡ್ಡಿ ಬೀಳುವ ಕಾರ್ಡ್‌ಗಳೇ ಹೆಚ್ಚು. ವರ್ಷಕ್ಕೆ ನೋಡಿದರೆ 36ರಿಂದ 42 ಆಯಿತು.

"ಇನ್ಶೂರೆನ್ಸ್ ಇದೆಯಲ್ಲ" ಅನ್ನುವವರಿಗೆ ಒಂದು ಮಾತು. ಸವೆತಕ್ಕೆ, ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ. ಹಳ್ಳದಲ್ಲಿ ಎಂಜಿನ್ ಒಳಗೆ ನೀರು ನುಗ್ಗಿ ಕೆಟ್ಟರೂ, ಎಂಜಿನ್ ಪ್ರೊಟೆಕ್ಷನ್ ಎಂದು ಬೇರೆ ಪ್ರೀಮಿಯಂ ಕಟ್ಟಿಲ್ಲದಿದ್ದರೆ ಕೈಯಿಂದಲೇ ಹಾಕಬೇಕು. ನೀರಿನಲ್ಲಿ ಎಂಜಿನ್ ಬಂದಾದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಕನೆಕ್ಟಿಂಗ್ ರಾಡ್ ಬಾಗುವುದು ಆಗಲೇ. ಎಳೆದು ದಡಕ್ಕೆ ಹಾಕಿ.

ನಾಲ್ಕನೆಯದು: ಓಡಿಸಿ ನೋಡುವುದು

ಹೊಸ ಕ್ಲಚ್ ಹಾಕಿದ ಮೇಲೆ 500 ಕಿಲೋಮೀಟರ್ ಮೆತ್ತಗೆ ಓಡಿಸಬೇಕು. ಗುರುವಾರ ಗ್ಯಾರೇಜ್‌ನಿಂದ ತಂದು ಶನಿವಾರ ಕಾಡುದಾರಿಗೆ ಇಳಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆಮೇಲೆ ಟ್ರಿಪ್‌ಗೆ ತುಂಬುವಷ್ಟೇ ಭಾರ ತುಂಬಿ. ಜನ ಸಿಗದಿದ್ದರೆ ನೀರಿನ ಕ್ಯಾನ್, ಮರಳಿನ ಚೀಲ ಆದರೂ ಸರಿ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ತನಕ ಹೋಗಿ ಬನ್ನಿ. ಏರು ಸಿಕ್ಕಲ್ಲಿ ಮೇಲಿನ ಗೇರ್‌ನಲ್ಲೇ ಎಕ್ಸಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಇನ್ನೂ ಜಾರುತ್ತಿದೆ. ನಿಲ್ಲಿಸಿದಾಗ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ. ಎಡಕ್ಕಿಂತ ಬಲ ಸುಡುತ್ತಿದ್ದರೆ ಆ ಕಡೆಯ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ರಾತ್ರಿ ಎಂಜಿನ್ ಕೆಳಗೆ ಹಳೇ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಕಲೆ ಇದ್ದರೆ ನೇರ ಗ್ಯಾರೇಜ್‌ಗೆ ಹೋಗಿ.

ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲನ್ನು ಟಾರ್ ರಸ್ತೆಯಲ್ಲಿ ಹಾಕಿ ಪರೀಕ್ಷೆ ಮಾಡಬೇಡಿ. ಹಳೇ ಜೀಪುಗಳಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಸಡಿಲ ಮಣ್ಣಿನಲ್ಲೇ ಹಾಕಿ ನೋಡಿ.

ಕೊನೆಯದು: ಬೇಗ ಹೇಳುವುದು

ಹೋಗುವುದಿಲ್ಲ ಅಂತಾದರೆ ಶುಕ್ರವಾರ ರಾತ್ರಿ ಹೇಳಬೇಡಿ. ಮಂಗಳವಾರವೇ ಫೋನ್ ಮಾಡಿ. ಗುಂಪಿನವರು "ಬಾರೋ ಮಾರಾಯ, ದುಡ್ಡು ಆಮೇಲೆ ನೋಡೋಣ" ಅನ್ನುತ್ತಾರೆ, ಪ್ರೀತಿಯಿಂದಲೇ ಅನ್ನುತ್ತಾರೆ. ಅವರಿಗೆ ಮೊತ್ತ ಬಿಡಿಸಿ ಹೇಳಿ. ದುಡ್ಡಿಲ್ಲ ಅನ್ನುವುದಕ್ಕಿಂತ "ಇನ್ನೊಂದು 25,000 ಎತ್ತಿಟ್ಟಿಲ್ಲ" ಅಂದರೆ ಬೇಗ ಅರ್ಥವಾಗುತ್ತದೆ. ಹೋಂಸ್ಟೇಯವರಿಗೂ ಅವತ್ತೇ ತಿಳಿಸಿ, ದಿನ ಬದಲಿಸಿಕೊಡಿ ಎಂದು ಕೇಳಿ. ನಾಲ್ಕು ದಿನ ಮೊದಲು ಹೇಳಿದರೆ ನನಗೆ ಯಾರೂ ಇಲ್ಲ ಅಂದಿಲ್ಲ.

ಹಾಗಂತ ಮನೆಯಲ್ಲೇ ಕೂರಬೇಕಾಗಿಲ್ಲ. ಇನ್ನೊಬ್ಬರ ಜೀಪಿನಲ್ಲಿ ಸೀಟು ಕೇಳಿ, ಡೀಸೆಲ್‌ನಲ್ಲಿ ಪಾಲು ಕೊಡಿ. ನಿಮ್ಮ ಎಳೆಯುವ ಬೆಲ್ಟ್, ಕೊಂಡಿ ಅವರಿಗೆ ಕೊಟ್ಟು ಕಳಿಸಿ. ನೈಲಾನ್ ಹಗ್ಗ ಮಾತ್ರ ಕೊಡಬೇಡಿ, ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನೇ ನೋಡಬೇಕು ಅಂದರೆ ನಿಟ್ಟೂರು, ಕೊಲ್ಲೂರು ಕಡೆಯಿಂದ ಬಾಡಿಗೆ ಜೀಪುಗಳಿವೆ. ಆ ಚಾಲಕರು ದಿನಾ ಅದೇ ದಾರಿಯಲ್ಲಿ ಓಡಾಡುವವರು. ನಾಲ್ಕೈದು ಜನ ಹಂಚಿಕೊಂಡರೆ ಹೊರೆಯಾಗುವುದಿಲ್ಲ. ದುಡ್ಡು ಉಳಿಸಲು ಯಾರೋ ಹೇಳಿದ ಒಳದಾರಿಗೆ ಮಾತ್ರ ನುಗ್ಗಬೇಡಿ. ಶರಾವತಿ ಕಣಿವೆಯಾಗಲಿ ಮೂಕಾಂಬಿಕಾ ಆಗಲಿ, ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಮುಂದೂಡುವುದಾದರೆ ಜನವರಿಗೆ ಇಟ್ಟುಕೊಳ್ಳಿ. ದಾರಿ ಒಣಗಿರುತ್ತದೆ, ಬೆಳಿಗ್ಗೆ ಮಂಜು ಇರುತ್ತದೆ, ಹಳ್ಳದ ನೀರು ಇಳಿದಿರುವುದರಿಂದ ಗಾಡಿಗೂ ಹಗುರ. ಫೆಬ್ರವರಿ ದಾಟಿಸಬೇಡಿ. ತರಗೆಲೆ ಒಣಗಿ ಕಾಡಿಗೆ ಬೆಂಕಿ ಬೀಳುವ ಕಾಲ ಶುರುವಾಗುತ್ತದೆ, ಬಿಸಿ ಸೈಲೆನ್ಸರ್ ಇರುವ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸುವುದೂ ಅಪಾಯ. ಇವತ್ತು ಗ್ಯಾರೇಜ್‌ನಿಂದ ಬಂದ ಗಾಡಿಗೆ ಅಷ್ಟರಲ್ಲಿ 500 ಕಿಲೋಮೀಟರೂ ಆಗಿರುತ್ತದೆ.