ರೆಸ್ಯೂಮೆ ಕಳಿಸುವ ಮುನ್ನ ಫೋನಿನಲ್ಲೇ ಪರೀಕ್ಷಿಸಿ

ದೊಡ್ಡ ಕಂಪನಿಗಳಲ್ಲಿ ಹೊಸ ಪದವೀಧರರ ರೆಸ್ಯೂಮೆಯನ್ನು ಹೆಚ್ಚಾಗಿ ಮೊದಲು ಓದುವುದು ಸಾಫ್ಟ್‌ವೇರ್. ಅದಕ್ಕೆ ಬೇಕಿರುವುದು ಅಕ್ಷರ, ಅಂದಚೆಂದವಲ್ಲ. ಗೂಗಲ್ ಡಾಕ್ಸ್‌ನಲ್ಲಿ ಒಂದೇ ಕಾಲಮ್ಮು, 11 ಪಾಯಿಂಟ್ ಅಕ್ಷರ, ಒಂದೇ ಪುಟ ಇಟ್ಟುಕೊಂಡು ಪಿಡಿಎಫ್ ಮಾಡಿ. ಆಮೇಲೆ ಆ ಪಿಡಿಎಫ್ ತೆರೆದು, ಪೂರ್ತಿ ಕಾಪಿ ಮಾಡಿ, ನೋಟ್ಸ್ ಆ್ಯಪಿಗೆ ಪೇಸ್ಟ್ ಮಾಡಿ ನೋಡಿ. ಏನೂ ಬರಲಿಲ್ಲವೇ? ಹಾಗಿದ್ದರೆ ಅದು ಬರೀ ಚಿತ್ರ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ರೆಸ್ಯೂಮೆಗಳ ಗತಿ ಇದೇ. ಎರಡು ಕಾಲಮ್ಮಿನ ಟೆಂಪ್ಲೇಟಾದರೆ ‘ಬಿ.ಕಾಂ. ಟ್ಯಾಲಿ 2024 ಕನ್ನಡ 78%’ ಎಂದು ಸಾಲುಗಳು ಕಲಸಿಹೋಗಿರಬಹುದು. ಮೊಬೈಲ್ ನಂಬರನ್ನು ಹೆಡರಿನಲ್ಲಿ (ಪುಟದ ಮೇಲಂಚಿನ ಪ್ರತ್ಯೇಕ ಜಾಗ) ಹಾಕಬೇಡಿ, ಕೆಲವು ಸಾಫ್ಟ್‌ವೇರ್‌ಗಳು ಆ ಭಾಗ ಓದುವುದಿಲ್ಲ.

ಜಾಹೀರಾತಿನಲ್ಲಿ ‘ಜಿಎಸ್‌ಟಿ ರಿಟರ್ನ್’ ಎಂದಿದ್ದು, ನಿಮಗೆ ಆ ಕೆಲಸ ಬರುವುದಾದರೆ ಅದೇ ಪದ ಬರೆಯಿರಿ. ‘ಟ್ಯಾಕ್ಸ್ ಕೆಲಸ’ ಎಂದು ಬರೆದರೆ ಹುಡುಕಾಟದಲ್ಲಿ ಸಿಗದೇ ಹೋಗಬಹುದು. ಬಾರದ್ದನ್ನು ಮಾತ್ರ ಖಂಡಿತ ಸೇರಿಸಬೇಡಿ. ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ.

ವಿಡಿಯೊ ಸಂದರ್ಶನಕ್ಕೆ ಫೋನು ಕಣ್ಣಿನ ಮಟ್ಟದಲ್ಲಿರಲಿ, ಕಿಟಕಿ ನಿಮ್ಮೆದುರಿಗಿರಲಿ. ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. 60 ಸೆಕೆಂಡಿನ ಸ್ವಪರಿಚಯ ರೆಕಾರ್ಡ್ ಮಾಡಿ, ಮೊದಲು ಕಣ್ಣು ಮುಚ್ಚಿ ಕೇಳಿ: ವಾಕ್ಯದ ಕೊನೆಗೆ ದನಿ ಇಳಿದು ಪದ ನುಂಗಿಹೋಗುವುದು ಆಗ ತಿಳಿಯುತ್ತದೆ.