ಬೊಡ್ಡೆ ಸುತ್ತ ವೆಲ್ಡ್‌ಮೆಶ್: ಹೆಗ್ಗಣದ ಕಾಟ ನಿಂತಿದ್ದು ಹೀಗೆ

ಹಿತ್ತಲಿನ ಬೆಂಗಳೂರು ಬ್ಲೂ ದ್ರಾಕ್ಷಿ ಬಳ್ಳಿಯ ಸುತ್ತ ಮೆಶ್ (ಬೆಸುಗೆ ಹಾಕಿದ ತಂತಿಬಲೆ) ಹೂಳಿದರೆ ಬೇರು ಬಿಗಿದು ಬಳ್ಳಿ ಸಾಯುತ್ತೆ ಅಂದವರೇ ಹೆಚ್ಚು. ಬಳ್ಳಿ ಸಾಯಲಿಲ್ಲ. ಈಗ ಚಪ್ಪರ ಗೊಂಚಲಿನ ಭಾರಕ್ಕೆ ಬಗ್ಗಿದೆ.

ಹೆಗ್ಗಣ ಬೇರು ಕಡಿಯುವುದಕ್ಕಿಂತ ದೊಡ್ಡ ನಷ್ಟ ಬಿಲದಿಂದ. ಹಾಯಿಸಿದ ನೀರೆಲ್ಲ ಒಳಗೆ ಸೋರಿಹೋಗುತ್ತೆ, ಬೇರು ಗಾಳಿಗೆ ಒಣಗುತ್ತೆ. ಮಣ್ಣು ಹಸಿಯಿದ್ದೂ ಮಧ್ಯಾಹ್ನ ಎಲೆ ಜೋತರೆ ಬೊಡ್ಡೆ ಸುತ್ತ ಕಬ್ಬಿಣದ ಸರಳು ಚುಚ್ಚಿ ನೋಡಿ.

ಬಿಲಕ್ಕೆ ಸಿಮೆಂಟ್ ಹಾಕಿದರೆ ಪಕ್ಕದಲ್ಲೇ ಹೊಸ ಬಾಯಿ. ಮೆಣಸಿನಕಾಯಿ ಹೊಗೆ ಎರಡು ದಿನದ ಮಾತು. ಕೋಳಿಗೂಡಿನ ಜಾಲರಿಗೆ ಸುರಿದ ಐನೂರು ರೂಪಾಯಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ಹುಲ್ಲಿನ ಹೊದಿಕೆಯೂ ಪ್ರಯೋಗವಾಯಿತು, ಹೆಗ್ಗಣಕ್ಕೆ ಅದೇ ಹಾಸಿಗೆ. ಮಕ್ಕಳು, ನಾಯಿ ಓಡಾಡುವ ಹಿತ್ತಲಿಗೆ ಜಿಂಕ್ ಫಾಸ್ಫೈಡ್ ಎಂಬ ಇಲಿವಿಷ ಬೇಡವೇ ಬೇಡ.

ಮೊದಲು ಬಿಲ ಖಾಲಿಯಾಗಬೇಕು. ಸಂಜೆ ಎಲ್ಲ ಬಾಯಿಗೂ ಹಸಿಮಣ್ಣು ಮೆತ್ತಿ. ಬೆಳಿಗ್ಗೆ ತೆರೆದಿದ್ದರೆ ಅಥವಾ ಹೊಸ ಪುಡಿಮಣ್ಣು ಬಿದ್ದಿದ್ದರೆ ಹೆಗ್ಗಣ ಇನ್ನೂ ಅಲ್ಲೇ ಇದೆ. ಅಲ್ಲಿ ಬೋನಿಡಿ. ಮೊದಲ ಎರಡು ಮೂರು ರಾತ್ರಿ ಬಾಗಿಲು ಮುಚ್ಚದಂತೆ ತೆರೆದೇ ಕಟ್ಟಿಟ್ಟು ತಿನ್ನಲು ಬಿಡಿ, ಆಮೇಲೆ ಕೊಂಡಿ ಹಾಕಿ. ಒಳಗಿಡುವ ತಿಂಡಿ ಯಾವುದೆಂಬ ಗುಟ್ಟು ನನ್ನಲ್ಲೇ ಇರಲಿ, ಕಡಲೆಬೀಜವಂತೂ ಅಲ್ಲ.

ಚಾಟ್ನಿ (ಬಳ್ಳಿಯ ಕೊಂಬೆ ಸವರುವುದು) ಆದ ಕೂಡಲೇ ಅಗೆಯಿರಿ, ಎಲೆ ಇಲ್ಲದಾಗ ಬೇರಿನ ಪೆಟ್ಟು ಬಳ್ಳಿ ತಡೆಯುತ್ತೆ. ಬೊಡ್ಡೆಯಿಂದ ಒಂದೂವರೆ ಅಡಿ ದೂರ ಸುತ್ತಲೂ ಒಂದೂವರೆ ಅಡಿ ಆಳದ ಚರಂಡಿ, ತಳದಲ್ಲಿ ಹೊರಕ್ಕೆ ಒಂದಡಿ ಅಗಲ. ಮೂರಡಿ ಅಗಲದ ಅರ್ಧ ಇಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್‌ಮೆಶ್ ಹದಿನಾಲ್ಕು ಅಡಿ ಬೇಕು, ಒಂದೂವರೆ ಸಾವಿರದ ಆಸುಪಾಸು. ಅರ್ಧ ಅಡಿ ನೆಲದ ಮೇಲೆ, ಕೆಳಗಿನ ಒಂದಡಿ ಹೊರಕ್ಕೆ ಮಡಚಿ. ಮಡಚಲು ಅಡಿಗೊಂದು ಸೀಳು ಬೇಕು. ಸೀಳಿನ ಸಂದಿಗೆ ಮಿಕ್ಕ ತುಂಡು ಕಟ್ಟದಿದ್ದರೆ ಹೆಗ್ಗಣ ಅಲ್ಲೇ ನುಗ್ಗುತ್ತೆ. ತಳ ಮುಚ್ಚಬೇಡಿ, ಬೇರು ಇಳಿಯಲಿ. ಪೆನ್ಸಿಲ್‌ಗಿಂತ ದಪ್ಪ ಬೇರು ಅಡ್ಡ ಬಂದರೆ ಕಡಿಯದೆ ಮೆಶ್‌ನಲ್ಲಿ ಎರಡು ಇಂಚಿನ ಕಂಡಿ ಬಿಟ್ಟು ಸುತ್ತ ಜಲ್ಲಿ ತುಂಬಿ. ಬೇರು ಬಿಗಿಯುವ ಭಯ ಇಷ್ಟಕ್ಕೇ ತೀರುತ್ತೆ. ಮೇಲಿಂದ ಹಾರಿ ತೋಡದಂತೆ ಒಳಗೆ ನಾಲ್ಕು ಬೆರಳು ದಪ್ಪ ಮುಕ್ಕಾಲು ಇಂಚಿನ ಜಲ್ಲಿ ಹರಡಿ, ಬೊಡ್ಡೆಗೆ ತಾಗದಿರಲಿ.

ಬೊಡ್ಡೆಯಲ್ಲೇ ಮರದ ಹೊಟ್ಟು ಉದುರುತ್ತಿದ್ದರೆ ಅದು ಹೆಗ್ಗಣವಲ್ಲ, ಕಾಂಡಕೊರಕ ಹುಳು. ಸೈಕಲ್ ಕಡ್ಡಿ ತೂರಿಸಿ ಹುಳು ಚುಚ್ಚಿ, ಜೇಡಿಮಣ್ಣಿನಿಂದ ತೂತು ಮುಚ್ಚಿ. ಪ್ರತಿ ಚಾಟ್ನಿಗೂ ಸಡಿಲ ತೊಗಟೆ ಕೆರೆದು ಸುಟ್ಟುಬಿಡಿ, ಈ ಹುಳುವಿನ ದುಂಬಿ ಮೊಟ್ಟೆಯಿಡುವುದು ಅದರಡಿಯಲ್ಲೇ.